ಉಡಿಯ ಅಕ್ಕಿ

ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಾಗ ಮಾಳಮ್ಮನಿಗೆ ಗೇಟು ತೆರೆದ ಸದ್ದು ಕೇಳಿಸಿತು, ಹಿಂದೆಯೇ ಜೀಪಿನ ಸದ್ದು. ಅವಳು ತಿರುಗಿ ನೋಡಲಿಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು.

"ಮಾಳಕ್ಕಾ, ನಿನ್ನ ಮಗಳು ತಿರುಗಿ ಬಂದ್ಳು ನೋಡು. ನಿನ್ನ ತೆಂಗಿನಕಾಯಿನೂ ದಿಲ್ಲಿ ನೋಡ್ಕೊಂಡು ಬಂತು," ಎಂದು ಕಾವಲಿನ ಸುಕನ್ಯಾ ಬಾಗಿಲಲ್ಲಿ ನಿಂತು ನಕ್ಕಳು.

ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಹಗರಿಬೊಮ್ಮನಹಳ್ಳಿಯ ಹೊರಗಿನ ಈ ಕಟ್ಟಡ ಮೊದಲು ಹುಡುಗಿಯರ ಹಾಸ್ಟೆಲಾಗಿತ್ತು; ಮಾಳಮ್ಮ ಆಗಿನಿಂದಲೂ ಇಲ್ಲಿಯ ಅಡುಗೆಯವಳು. ಈಗ ಮುಳ್ಳುತಂತಿ ಸುತ್ತಿ, ಕಾಗದಪತ್ರವಿಲ್ಲದ ಪರದೇಶದ ಹೆಂಗಸರನ್ನು ಕೂಡಿಹಾಕಿದ್ದರು. ಸುಕನ್ಯಾ 'ಮಗಳು' ಎಂದು ಅಣಕಿಸಿದ ಸಬೇರಾ ಬರ್ಮಾದವಳು. ಊರು ಸುಟ್ಟಮೇಲೆ ಓಡಿಬಂದು, ಕೂಡ್ಲಿಗಿ ಕಡೆಯ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವಾಗ ಪೊಲೀಸರ ಕೈಗೆ ಸಿಕ್ಕವಳು. ಆಶ್ರಯ ಕೊಡಿ ಎಂದು ಅವಳು ಹಾಕಿದ ಅರ್ಜಿ ಬಿದ್ದುಹೋಯಿತು. ವಾಪಸು ಕಳಿಸೋಣವೆಂದರೆ ಅಲ್ಲಿಯವರು, ಇವಳು ನಮ್ಮವಳೇ ಅಲ್ಲ ಎಂದುಬಿಟ್ಟರು. ಆದರೂ ಇಲ್ಲಿಯ ಸಾಹೇಬರು ದಿಲ್ಲಿಯ ಬರ್ಮಾ ಕಚೇರಿಗೆಂದು ಅವಳನ್ನು ಆಗಾಗ ಜೀಪು ಹತ್ತಿಸುತ್ತಿದ್ದರು. ಅವಳು ಹೋದ ದಾರಿಯಲ್ಲೇ ಮರಳುತ್ತಿದ್ದಳು.

ಹೋಗುವಾಗಲೆಲ್ಲ ಮಾಳಮ್ಮ ತನ್ನ ಮನೆಯಿಂದ ಅಕ್ಕಿ, ಕಾಯಿ, ಅರಿಶಿನ ಕೊಂಬು, ಕುಬಸದ ಬಟ್ಟೆ ತಂದು ಅವಳ ಉಡಿ ತುಂಬುತ್ತಿದ್ದಳು. "ಗ್ವಾಡಿ ಮ್ಯಾಲ ಬುದ್ಧನ ಫೋಟೋ ಇಟ್ಕೊಂಡು ಇದೆಲ್ಲಾ ಯಾಕಬೇ?" ಎಂದು ಮಗ ಪ್ರಬುದ್ಧ ಕೆಣಕಿದ್ದ. "ಹೆಣ್ಣುಮಗಳನ್ನ ಬರಿ ಉಡಿಲೆ ಹೊಸ್ತಿಲು ದಾಟಿಸ್ಬಾರ್ದಪ್ಪಾ. ಅದನ್ನ ಬುದ್ಧ ಬ್ಯಾಡಂದಾನೇನು?" ಎಂದಿದ್ದಳು.

ಸಬೇರಾ ಒಳಗೆ ಬಂದು ಉಡಿಯ ಗಂಟನ್ನು ರೊಟ್ಟಿಬುಟ್ಟಿಯ ಪಕ್ಕ ಇಟ್ಟಳು. ಮಾಳಮ್ಮ ಹಾಕಿದ ಗಂಟು ಹಾಗೆಯೇ ಇತ್ತು.

"ತಗೋ, ಮಾಳಕ್ಕ."

"ಕೊಟ್ಟಿದ್ದು ತಿರುಗಿ ತಗೊಳ್ಳಂಗಿಲ್ಲಬೇ. ಹೋದ ಮನ್ಯಾಗ ಬೇಯಿಸ್ಕೊಂಡು ಉಣಬೇಕು ಅದನ್ನ."

"ಯಾ ಮನಿ?" ಸಬೇರಾ ಕನ್ನಡ ಕಲಿತದ್ದೇ ಈ ಅಡುಗೆಮನೆಯಲ್ಲಿ. "ನೀನ ಹೇಳು. ಎಲ್ಲಿ ಬೇಯಿಸ್ಲಿ?"

ಮಾಳಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಇಷ್ಟು ದಿನ ಉಡಿ ತುಂಬಿ ಕಳಿಸಿದ್ದು, ಕತ್ತು ಹಿಡಿದು ದೂಡುವವರ ಕೈಗೆ ತಾನೇ ಅರಿಶಿನ ಹಚ್ಚಿಕೊಟ್ಟಂತಾಗಿತ್ತು. ಅವಳ ಸಿಟ್ಟು ಮೊದಲು ಏರಿದ್ದು ತನ್ನ ಮೇಲೆಯೇ.

ಚಹಾಕ್ಕೆಂದು ಬಂದ ಗುರುಬಸವರಾಜ ಸಾಹೇಬರು ಬುಟ್ಟಿಯಿಂದ ಬಿಸಿ ರೊಟ್ಟಿಯೊಂದನ್ನು ಎತ್ತಿಕೊಂಡರು.

"ಮುಂದೇನ್ರಿ ಸಾಹೇಬ್ರ ಈಕಿದು?"

"ಚೆಂಡಾಗ್ಯಾಳ. ನಾವು ಒದಿತೀವಿ, ಅವ್ರು ತಿರುಗಿ ಒದಿತಾರ."

"ಬ್ಯಾರೆ ದಾರಿ ಇಲ್ಲೇನ್ರಿ?"

"ಯಾವ್ದರ ಬ್ಯಾರೆ ದೇಶ ಕರೀಬೇಕು. ಈಕಿನ್ನ ಯಾರು ಕರೀತಾರ? ಇಲ್ಲಾ, ಸ್ವಂತ ಮನಿ ಇದ್ದೋರು ಯಾರರ ಜಾಮೀನು ನಿಂತು ಮನ್ಯಾಗ ಇಟ್ಕೋಬೇಕು. ಈಕಿ ವಾರವಾರ ಸ್ಟೇಷನ್‌ಗೆ ಹೋಗಿ ಸಹಿ ಹಾಕ್ಬೇಕು." ಅವರು ಮಾಳಮ್ಮನ ಮುಖ ನೋಡಿದರು. "ಇಲ್ಲಿ ಕೆಲಸ ಮಾಡೋರು ನಿಲ್ಲಂಗಿಲ್ಲ ಮತ್ತ. ನೀ ತಲಿ ಓಡಿಸ್ಬ್ಯಾಡ."

"ಯಾರೂ ಬರ್ಲಿಲ್ಲಂದ್ರ?"

"ಸಾಯೋತನಕ ಇಲ್ಲೇ. ಏನ್ ಕಡಿಮಿ ಆಗೈತಿ? ಪುಗಸಟ್ಟೆ ರೊಟ್ಟಿ." ಕೈಯಲ್ಲಿದ್ದುದನ್ನು ಮುರಿದು ಬಾಯಿಗಿಟ್ಟುಕೊಂಡು ಹೋದರು.

ಸಬೇರಾ ಗೋಡೆಗೆ ಒರಗಿ ಕೂತಿದ್ದಳು. ಎಲ್ಲವೂ ಅವಳಿಗೆ ತಿಳಿಯುವ ಕನ್ನಡದಲ್ಲೇ ನಡೆದಿತ್ತು.

ಮಾಳಮ್ಮ ಹಿಟ್ಟನ್ನು ನಾದಿದಳು, ಬೇಕಾದ್ದಕ್ಕಿಂತ ಹೆಚ್ಚೇ ನಾದಿದಳು. ಗಂಡ ಸತ್ತಾಗ ಅತ್ತೆಮನೆಯವರು, ಅವನೇ ಇಲ್ಲದ ಮೇಲೆ ನೀನ್ಯಾರು ಎಂದಿದ್ದರು. ತಂಬ್ರಹಳ್ಳಿಯ ಅಣ್ಣ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ್ದ. ಹಸುಗೂಸು ಪ್ರಬುದ್ಧನನ್ನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ, ಯಾವ ಬಸ್ಸು ಹತ್ತಬೇಕೆಂದು ತಿಳಿದಿರಲಿಲ್ಲ. ಅವಳನ್ನು ಯಾರೂ ಹೊಡೆದಿರಲಿಲ್ಲ. ಎಲ್ಲರೂ ನ್ಯಾಯವನ್ನೇ ಆಡಿದ್ದರು, ಈ ಸಾಹೇಬರ ಹಾಗೆ. ಆಮೇಲೆ ಈ ಒಲೆಯ ಮುಂದೆ ಕೂತು ದುಡಿದೇ ಅಣ್ಣನ ಓಣಿಯಲ್ಲಿ ಅವಳು ಮನೆ ಕಟ್ಟಿಸಿದ್ದು. ಮನೆ ಅವಳ ಹೆಸರಿನಲ್ಲೇ ಇತ್ತು. ಪ್ರಬುದ್ಧನೂ ಈಗ ಸಂಬಳ ತರುತ್ತಿದ್ದ.

ಕೊನೆಯ ರೊಟ್ಟಿ ಬೇಯಿಸಿ ಕೈ ತೊಳೆದಳು. ಉಡಿಯ ಗಂಟನ್ನು ತನ್ನ ಚೀಲದ ತಳಕ್ಕೆ ಹಾಕಿಕೊಂಡಳು. ಸಬೇರಾ ಕಣ್ಣೆತ್ತಿ ನೋಡಿದಳು. ಮಾಳಮ್ಮ ಅವಳ ತಟ್ಟೆಗೆ ರೊಟ್ಟಿ, ಪಲ್ಯ ಹಾಕಿ, "ಮೊದ್ಲು ಉಣ್ಣು," ಎಂದಳಷ್ಟೆ.

ಗೇಟಿನಲ್ಲಿ ಸುಕನ್ಯಾ ಚೀಲ ಮುಟ್ಟಿ ನೋಡಿದಳು. "ಏನಿದು ಮಾಳಕ್ಕಾ? ಸರ್ಕಾರದ ಅಕ್ಕಿ ಹೊಂಟೈತೇನು?"

"ನಮ್ಮನಿ ಅಕ್ಕಿನ ಐತಿ ತಾಯಿ. ಬಿಚ್ಚಿ ನೋಡ್ಕೋ."

ಮನೆಗೆ ಬಂದು ಅಕ್ಕಿಯನ್ನು ಡಬ್ಬಿಗೆ ಸುರುವಿ, ಒಲೆಯ ಪಕ್ಕದ ಹಲಗೆಯ ಮೇಲಿಟ್ಟಳು. ಬೆಳಿಗ್ಗೆ ಸಾಹೇಬರಿಗೆ ಕೆಲಸ ಬಿಟ್ಟೆ ಎನ್ನಬೇಕು, ಆಮೇಲೆ ಜಾಮೀನಿನ ಮಾತು. ಟ್ರಂಕು ತೆರೆದು ಮನೆಯ ಕಾಗದ ತೆಗೆದು, ನಾಳೆ ಉಡುವ ಸೀರೆಯ ಮಡಿಕೆಯೊಳಗೆ ಇಟ್ಟಳು.

ಉಣ್ಣಲು ಬಂದ ಪ್ರಬುದ್ಧ ಡಬ್ಬಿಯ ಮುಚ್ಚಳ ತೆಗೆದ. "ಹೊಸ ಅಕ್ಕಿನಾ? ಇದನ್ನ ಮಾಡಬಾರ್ದಿತ್ತೇನಬೇ ಇವತ್ತು?"

"ಇವತ್ತು ಬ್ಯಾಡ," ಎಂದಳು ಮಾಳಮ್ಮ. ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಬಿಗಿಯಾಗಿ ಹಾಕಿದಳು.