ನಾಲ್ಕೂ ಚಕ್ರ ತಿರುಗುವ ಕಾರು

ಟೈರಿನ ವಿಷಯಕ್ಕೆ ಹೆಂಡತಿಯ ಹಲ್ಲು ಉದುರಿಸಿದ ಗಂಡ ಇಡೀ ಜಪಾನಿನಲ್ಲಿ ರಘುನಂದನನೊಬ್ಬನೇ ಇರಬೇಕು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೊಡೆಯುವವರಿದ್ದಾರೆ, ಕುಡಿದು ಬಂದು ಹೊಡೆಯುವವರಿದ್ದಾರೆ. ಈ ಮಹಾನುಭಾವ ಕುಡಿಯುತ್ತಿರಲಿಲ್ಲ. ಎಂಥ ಸಿಟ್ಟಿದ್ದರೂ ಬಾಗಿಲಲ್ಲಿ ಶೂ ಬಿಚ್ಚಿ, ಸಾಲಾಗಿ ಜೋಡಿಸಿಟ್ಟು, ಒಳಗೆ ಬಂದೇ ಹೊಡೆಯುತ್ತಿದ್ದ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅಂಥವನು. ಯೋಕೋಹಾಮಾದ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯ ವಿನ್ಯಾಸ ಅವನ ತಂಡದ್ದು. ಆ ಪೆಟ್ಟಿಗೆ ಕೂರಿಸಿದ ದೊಡ್ಡ ಕಪ್ಪು ಕಾರನ್ನೇ ಕೊಂಡಿದ್ದ. ಕನ್ನಡದವರು ಯಾರಾದರೂ ಮನೆಗೆ ಬಂದರೆ ಕಾಫಿಗಿಂತ ಮೊದಲು ಕಾರಿನ ಅಡಿಭಾಗ ತೋರಿಸುತ್ತಿದ್ದ.

ಕೊರೊನಾ ಬಂದು ಆಫೀಸು ಮುಚ್ಚಿ, ಕೆಲಸವೆಲ್ಲ ಮನೆಯಿಂದಲೇ ಎಂದಾದಾಗ ಹೆಂಡತಿ ಸುಭದ್ರೆಗೆ ದಿಗಿಲಾಯಿತು. ಅಪಾರ್ಟ್‌ಮೆಂಟಿನ ಗೋಡೆ ತೆಳು ಎಂಬುದೊಂದೇ ಧೈರ್ಯ. ಒಂದು ಸಂಜೆ ಪಕ್ಕದ ಮನೆಯವರು ಬೆಲ್ ಒತ್ತಿ, "ಸುಮಿಮಾಸೆನ್, ಕ್ಷಮಿಸಿ, ಏನೋ ಬಿದ್ದ ಹಾಗೆ ಕೇಳಿಸಿತು, ಎಲ್ಲ ಸರಿ ಇದೆಯಾ?" ಎಂದು ವಿಚಾರಿಸಿ ಹೋದರು. ಅದಾದ ಮೂರೇ ವಾರಕ್ಕೆ ರಘುನಂದನ್ ನಾಗಾನೋ ಬೆಟ್ಟದ ಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ಮನೆಯೊಂದನ್ನು ಬಾಡಿಗೆಗೆ ಹಿಡಿದ. ಅಲ್ಲಿ ಕೊರೊನಾ ಇಲ್ಲ, ಮಗುವಿಗೆ ಒಳ್ಳೆ ಗಾಳಿ ಎಂದು ಎಲ್ಲರಿಗೂ ಮೆಸೇಜ್ ಕಳಿಸಿದ. ಎಲ್ಲರೂ ಹೊಗಳಿದರು. ತೋಕಿಯೋದ ಎಡೋಗಾವಾದಲ್ಲಿದ್ದ ಗೆಳತಿ ಪದ್ಮಾ ಮಾತ್ರ ಸುಭದ್ರೆಗೆ ಫೋನ್ ಮಾಡಿ, "ಪಕ್ಕದ ಮನೆ ಎಷ್ಟು ದೂರ ಕಣೇ?" ಎಂದು ಕೇಳಿದಳು.

ಅರ್ಧ ಕಿಲೋಮೀಟರು.

ಆ ಪಕ್ಕದ ಮನೆಯವಳೇ ಮೊಮೊಸೆ-ಸಾನ್. ಎಪ್ಪತ್ತು ದಾಟಿದ ವಿಧವೆ. ಹಳ್ಳಿಗೊಂದೇ ಪೆಟ್ರೋಲ್ ಬಂಕು ಅವಳದು; ಟೈರು ಬದಲಿಸುವ ಕೆಲಸವೂ ಅವಳದೇ. ಅಲ್ಲಿನವರ ಲೆಕ್ಕದಲ್ಲಿ ಬೆಟ್ಟದ ನೆತ್ತಿ ಮೂರು ಸಲ ಬಿಳಿಯಾದರೆ ನಾಲ್ಕನೆಯ ಸಲದ ಹಿಮ ಊರಿಗೇ. ಅಷ್ಟರೊಳಗೆ ಎಲ್ಲರೂ ಬೇಸಿಗೆಯ ಟೈರು ಬಿಚ್ಚಿ, ಕೊಟ್ಟಿಗೆಯಲ್ಲಿಟ್ಟ ಚಳಿಗಾಲದ ಟೈರು ಹಾಕಿಸಿಕೊಳ್ಳಬೇಕು. ಎರಡನೆಯ ಸಲ ನೆತ್ತಿ ಬಿಳಿಯಾದ ಭಾನುವಾರ, ಮೊಮೊಸೆ-ಸಾನ್ ಕರೆದಳೆಂದು ರಘುನಂದನ್ ಹೆಂಡತಿ, ಮಗಳ ಜೊತೆ ಬಂಕಿಗೆ ಹೋದ.

ಅವನಿಗೆ ಜಪಾನಿ ಅಷ್ಟಕ್ಕಷ್ಟೆ. ಆಫೀಸಿನಲ್ಲಿ ಇಂಗ್ಲಿಷೇ ನಡೆಯುತ್ತಿತ್ತು. ಮಗಳು ಲಾಸ್ಯಾಳ ಶಾಲೆ, ಆಸ್ಪತ್ರೆ, ಅಂಗಡಿ ಸುತ್ತಿ ಭಾಷೆ ಕಲಿತಿದ್ದವಳು ಸುಭದ್ರೆ. ಅವನ ಒರಟು ಮಾತನ್ನು ನಯವಾದ ಜಪಾನಿಗೆ, ಊರವರ ಕಟು ಮಾತನ್ನು ಮೆತ್ತನೆಯ ಕನ್ನಡಕ್ಕೆ ತಿರುಗಿಸಿ ಹತ್ತು ವರ್ಷ ಸಂಸಾರ ತೂಗಿಸಿದ್ದಳು.

ಮೊಮೊಸೆ-ಸಾನ್ ಕಪ್ಪು ಕಾರಿನ ಟೈರಿಗೆ ಉಗುರು ಒತ್ತಿ ನೋಡಿ ತಲೆಯಾಡಿಸಿದಳು. ರಘುನಂದನ್ ಬಗ್ಗಿ, ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ಎಂ ಮತ್ತು ಎಸ್ ಅಕ್ಷರ ತೋರಿಸಿದ.

"ಮಡ್ ಅಂಡ್ ಸ್ನೋ ಅಂತ ಇಲ್ಲೇ ಬರ್ದಿದೆ ಅಂತ ಹೇಳು. ಆಲ್ ಸೀಸನ್ ಟೈರ್ ಇದು. ಮೇಲಿಂದ ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ. ಆ ಸಿಸ್ಟಮ್ ಡಿಸೈನ್ ಮಾಡಿದೋನೇ ನಾನು ಅಂತಾನೂ ಹೇಳು."

ಸುಭದ್ರೆ ಹೇಳಿದಳು. ಮುದುಕಿ ಎರಡು ಟೈರು ತುಂಡು ತಂದು ಅವಳ ಕೈಗಿತ್ತಳು. ಹೊರಗಿನ ಚಳಿಯಲ್ಲೇ ಬಿದ್ದಿದ್ದವು ಎರಡೂ. ಅವನ ಕಾರಿನದರಂಥ ಟೈರಿನದು ಒಣಗಿದ ಕೊಬ್ಬರಿಯ ಹಾಗೆ ಬಿರುಸು. ಚಳಿಗಾಲದ ಟೈರಿನದು ಹೆಬ್ಬೆರಳು ಒತ್ತಿದರೆ ತಗ್ಗುತ್ತಿತ್ತು, ಮೈತುಂಬ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳು. ಮುದುಕಿ ಒಂದೇ ಮಾತು ಹೇಳಿದಳು. ಸುಭದ್ರೆ ಆ ದಿನ ಯಾಕೋ ಆ ಮಾತಿಗೆ ಸಕ್ಕರೆ ಸವರಲಿಲ್ಲ.

"ನಾಲ್ಕು ಚಕ್ರ ತಿರುಗೋದು ಹೊರಡೋಕೆ ಅಂತೆ ರೀ. ನಿಲ್ಲಿಸೋದು ರಬ್ಬರು ಮಾತ್ರ ಅಂತೆ. ಪ್ರತಿ ವರ್ಷ ಹಳ್ಳಕ್ಕೆ ಬೀಳೋರೆಲ್ಲ ನಾಲ್ಕು ಚಕ್ರದೋರೇ ಅಂತೆ."

ರಘುನಂದನ್ ನಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಏನು ತೋರಿಸಿದರೇನು! ಅರಿಗಾತೋ ಎಂದು ಧನ್ಯವಾದ ಹೇಳಿ, ಬಗ್ಗಿ ನಮಸ್ಕರಿಸಿ, ದಾರಿಯುದ್ದಕ್ಕೂ ಹಾಡು ಗುನುಗುತ್ತ ಮನೆಗೆ ಬಂದ. ಶೂ ಬಿಚ್ಚಿ ಜೋಡಿಸಿದ.

"ಒಂದು ಮುದುಕಿ ಮುಂದೆ ನನಗೆ ಕಾರ್ ಬಗ್ಗೆ ಪಾಠ ಹೇಳ್ತೀಯಾ?" ಎಂದು ಮುಷ್ಟಿಯಿಂದ ಗುದ್ದಿದ.

ಹಲ್ಲು ನೆಲದ ಚಾಪೆಯ ಮೇಲೆ ಬಿತ್ತು. ಮೇಲಿನ ಸಾಲಿನ ಎದುರಿನ ಹಲ್ಲು. ಲಾಸ್ಯಾ ಅದನ್ನು ಹೆಕ್ಕಿ ತಂದು ಅಮ್ಮನ ಕೈಗಿಟ್ಟಳು. ಅವಳಿಗೆ ಏಳು ವರ್ಷ, ಅವಳ ಹಲ್ಲೂ ಬೀಳುತ್ತಿದ್ದ ಕಾಲ. ದಂತವೈದ್ಯರ ಹತ್ತಿರ ಹೋದರೆ ಕೊರೊನಾ ಅಂಟುತ್ತದೆ ಎಂದು ರಘುನಂದನ್ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಮಾಸ್ಕ್ ಅವನಿಗೆ ಬಲು ಅನುಕೂಲವಾಯಿತು. ಇಡೀ ದೇಶವೇ ಬಾಯಿ ಮುಚ್ಚಿಕೊಂಡಿದ್ದಾಗ ಸುಭದ್ರೆಯ ಬಾಯಿ ಯಾರಿಗೆ ಬೇಕಿತ್ತು?

ಅಂಗಡಿ, ಶಾಲೆಗೆಂದು ಅವಳಿಗೊಂದು ಡಬ್ಬಿಯಂಥ ಹಳೆಯ ಪುಟ್ಟ ಕಾರಿತ್ತು. ಮೊಮೊಸೆ-ಸಾನ್ ತೀರಿಹೋದ ಗಂಡನ ಕಾರಿನ ಚಳಿಗಾಲದ ಟೈರುಗಳನ್ನು ತೆಗೆದು ಅದಕ್ಕೆ ಹಾಕಿದಳು. ಅಳತೆ ಒಂದೇ ಇತ್ತು. ಹಿಮದಲ್ಲಿ ಓಡಿಸುವುದನ್ನೂ ಕಲಿಸಿದಳು. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡ, ಇಳಿಜಾರಿನಲ್ಲಿ ಸಣ್ಣ ಗೇರು. ಚಹಾ ಕುಡಿಯಲು ಸುಭದ್ರೆ ಮಾಸ್ಕ್ ಸರಿಸಿದಾಗ ಮುದುಕಿ ನೋಡಿದಳು. ಅಂದಿನಿಂದ ಆ ಪುಟ್ಟ ಕಾರಿನ ಟ್ಯಾಂಕು ಯಾವತ್ತೂ ತುಂಬಿರುವ ಹಾಗೆ ನೋಡಿಕೊಂಡಳು.

ಓಡಿಹೋಗಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. ತಾಯಿ ಮಗಳಿಬ್ಬರ ಪಾಸ್‌ಪೋರ್ಟೂ ಕಪ್ಪು ಕಾರಿನ ಗ್ಲೋವ್ ಬಾಕ್ಸಿನಲ್ಲಿ ಬೀಗದೊಳಗಿದ್ದವು; ಕೀಲಿ ಅವನ ಜೇಬಿನಲ್ಲಿ. "ಪಾಸ್‌ಪೋರ್ಟ್ ಇಲ್ದೆ ಎಲ್ಲಿಗ್ ಹೋಗ್ತೀಯ, ಹೋಗು" ಎಂದು ವಾರಕ್ಕೊಮ್ಮೆ ಅವನೇ ನೆನಪಿಸುತ್ತಿದ್ದ. ಅವನು ಹೊಡೆಯುವುದು ತನಗೊಬ್ಬಳಿಗೆ, ಮಗುವನ್ನು ಮುಟ್ಟುವುದಿಲ್ಲವಲ್ಲ ಎಂದು ಸುಭದ್ರೆ ಹಲ್ಲು ಕಚ್ಚಿಕೊಂಡಿದ್ದಳು. ಇದ್ದಷ್ಟು ಹಲ್ಲು.

ಜನವರಿ ಬಂತು. ತೋಕಿಯೋದಲ್ಲಿ ಎರಡನೆಯ ಸಲ ತುರ್ತು ಪರಿಸ್ಥಿತಿ ಎಂದು ಟೀವಿ ಹೇಳುತ್ತಿದ್ದ ವಾರ. ಎರಡು ದಿನ ಸುರಿದ ಹಿಮ ನಿಂತು ಬಿಸಿಲು ಬಿದ್ದಿತ್ತು. ರಘುನಂದನ್ ಆನ್‌ಲೈನ್ ಮೀಟಿಂಗಿನಲ್ಲಿದ್ದ. ಲಾಸ್ಯಾ ಬಾಗಿಲು ಸರಿಸಿ, "ಅಪ್ಪಾ, ಸ್ನೋಮ್ಯಾನ್ ಲುಕ್!" ಎಂದು ಕ್ಯಾಮೆರಾದೊಳಗೆ ಬಂದುಬಿಟ್ಟಳು. ಅವನು ಮೈಕ್ ಆಫ್ ಮಾಡಿದ, ಕ್ಯಾಮೆರಾ ಆಫ್ ಮಾಡಿದ. ಅಷ್ಟೆಲ್ಲ ವ್ಯವಧಾನವಿತ್ತು. ಆಮೇಲೆ ಮಗುವಿನ ಜುಟ್ಟು ಹಿಡಿದು ಎಸೆದ. ಅವಳು ಕೋಣೆ ಬೆಚ್ಚಗಿಡಲು ಉರಿಯುತ್ತಿದ್ದ ಸೀಮೆಎಣ್ಣೆ ಒಲೆಯ ಮೇಲೆ ಅಂಗೈ ಊರಿ ಬಿದ್ದಳು.

"ಇತಾಯ್! ಅಮ್ಮಾ, ಇತಾಯ್!" ನೋವಾದರೆ ಮಗುವಿನ ಬಾಯಲ್ಲಿ ಬರುತ್ತಿದ್ದದ್ದು ಜಪಾನಿಯೇ.

ಅಡುಗೆಮನೆಯಿಂದ ಓಡಿಬಂದ ಸುಭದ್ರೆಗೆ ಚರ್ಮ ಸುಟ್ಟ ವಾಸನೆ ಬಡಿಯಿತು. ಅವನು ಆಗಲೇ ಮೈಕ್ ಆನ್ ಮಾಡಿ, "ಸುಮಿಮಾಸೆನ್, ಪ್ಲೀಸ್ ಕಂಟಿನ್ಯೂ" ಎನ್ನುತ್ತಿದ್ದ. ಅವಳ ಹೊಟ್ಟೆಯೊಳಗೆ ಹತ್ತು ವರ್ಷದಿಂದ ಮುದುಡಿ ಕೂತಿದ್ದ ಭಯ ಆ ಕ್ಷಣ ಎಲ್ಲಿ ಹೋಯಿತೋ! ಇವನು ಸಾಯಲಿ ಅನ್ನಿಸಿತು. ನಿಚ್ಚಳವಾಗಿ, ಇಷ್ಟೇ ಪದಗಳಲ್ಲಿ ಅನ್ನಿಸಿತು.

ತಣ್ಣೀರಲ್ಲಿ ಅದ್ದಿದ ಟವೆಲ್ ಸುತ್ತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಅಂಥ ಹೊತ್ತಿನಲ್ಲೂ ಮಾಸ್ಕ್ ಹಾಕಿಕೊಂಡಳು. ಎರಡು ತಿಂಗಳ ರೂಢಿ.

ಪುಟ್ಟ ಕಾರಿನ ಸದ್ದು ಕೇಳಿ ಅವನು ಮೀಟಿಂಗ್ ಬಿಟ್ಟು ಹೊರಗೆ ಬಂದ. ಆವತ್ತು ಶೂ ಹಾಕಿಕೊಳ್ಳಲಿಲ್ಲ, ಮನೆಯ ಚಪ್ಪಲಿಯಲ್ಲೇ ಕಪ್ಪು ಕಾರು ಹತ್ತಿದ. ಬಂಕು ದಾಟುವಷ್ಟರಲ್ಲಿ ಕನ್ನಡಿ ತುಂಬ ಅವನ ಕಾರಿನ ಮೂತಿ. ಹಿಂದಿನಿಂದ ಗುದ್ದಿದ. ಪುಟ್ಟ ಕಾರಿನ ಹಿಂಬದಿ ಗಾಜು ಪುಡಿಯಾಗಿ ಲಾಸ್ಯಾಳ ಕೂದಲ ಮೇಲೆ ಸುರಿಯಿತು. ಮಗು ಕಿರುಚಿತು. ಎರಡನೆಯ ಸಲ ಗುದ್ದಿದಾಗ ಸುಭದ್ರೆಯ ಹಣೆ ಸ್ಟೇರಿಂಗಿಗೆ ಬಡಿದು ಹುಬ್ಬು ಒಡೆಯಿತು. ಕಣ್ಣಿಗಿಳಿದ ರಕ್ತವನ್ನು ತೋಳಿನಲ್ಲಿ ಒರೆಸಿದಳು.

"ತಲೆ ಕೆಳಗೆ ಹಾಕು ಪುಟ್ಟಾ! ಕೆಳಗೆ!"

ಮುಂದೆ ದಾರಿ ಕವಲೊಡೆಯುತ್ತಿತ್ತು. ಎಡಕ್ಕೆ ನದಿ ದಂಡೆಯ ಸಮತಟ್ಟು ರಸ್ತೆ. ಸುತ್ತು, ಬಿಸಿಲು ಬಿದ್ದು ಹಿಮ ಕರಗಿದ್ದ ದಾರಿ. ಬಲಕ್ಕೆ ಸೀಡರ್ ಮರಗಳ ನೆರಳಿನ ಇಳಿಜಾರು. ಅಲ್ಲಿ ಮಧ್ಯಾಹ್ನವೂ ಮಂಜುಗಡ್ಡೆ ಹೊಳೆಯುತ್ತಿರುತ್ತದೆ, ಕೊನೆಗೊಂದು ಕಡಿದಾದ ತಿರುವು. ಹಳ್ಳಕ್ಕೆ ಬೀಳುವವರೆಲ್ಲ ಬೀಳುವುದು ಅಲ್ಲೇ ಎಂದು ಮೊಮೊಸೆ-ಸಾನ್ ಅವಳಿಗೆ ತೋರಿಸಿದ್ದಳು.

ಸುಭದ್ರೆಗೆ ಎರಡೂ ದಾರಿ ಗೊತ್ತಿದ್ದವು. ತನ್ನ ಟೈರು ಯಾವುದು, ಅವನ ಟೈರು ಯಾವುದು ಎಂಬುದೂ ಗೊತ್ತಿತ್ತು. ಬಲಕ್ಕೆ ತಿರುಗಿಸಿದಳು.

ಇಳಿಜಾರಿನ ಮೊದಲ ಭಾಗದಲ್ಲಿ ಬೇಕೆಂದೇ ವೇಗ ಕೊಟ್ಟಳು. ಅವನೂ ಕೊಟ್ಟ. ನಾಲ್ಕೂ ಚಕ್ರ ಅವನ ವಿನ್ಯಾಸದ ಹಾಗೇ ಅದ್ಭುತವಾಗಿ ತಿರುಗಿದವು. ತಿರುವಿಗೆ ಬಲು ಮೊದಲೇ ಅವಳು ಗೇರು ಇಳಿಸಿ ಬ್ರೇಕ್ ಒತ್ತಿದಳು. ಟೈರುಗಳು ಗಡ್ಡೆಯನ್ನು ಕಚ್ಚಿದವು, ಕಾರು ತಗ್ಗಿತು, ಬ್ರೇಕ್ ಬಿಟ್ಟು ಮೆಲ್ಲಗೆ ತಿರುವು ದಾಟಿದಳು. ಹಿಂದೆ ಅವನ ಬ್ರೇಕು ಕಟಕಟನೆ ಕುಣಿಯುವ ಸದ್ದು ಕೇಳಿಸಿತು. ಕಪ್ಪು ಕಾರು ಸ್ಟೇರಿಂಗ್ ತಿರುಗಿಸಿದ ಕಡೆ ತಿರುಗಲೇ ಇಲ್ಲ. ಅವಳ ಹಿಂಬದಿಗೆ ಒಂದು ಮಾರು ದೂರದಲ್ಲಿ ನೇರ ಹಾದುಹೋಗಿ, ತಡೆಬೇಲಿ ಹರಿದು, ಕೆಳಗಿನ ಗದ್ದೆಗೆ ಎರಡು ಪಲ್ಟಿ ಹೊಡೆದು ತಲೆಕೆಳಗಾಗಿ ಬಿತ್ತು.

ಸುಭದ್ರೆ ಬ್ರೇಕ್ ಒತ್ತಿದಳು. ಪುಟ್ಟ ಕಾರು ಒತ್ತಿದಲ್ಲೇ ನಿಂತಿತು.

ಮಗುವಿಗೆ ಅಲ್ಲೇ ಕೂರಲು ಹೇಳಿ ಮೊದಲು ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಸಾಯಲಿ ಅಂದುಕೊಂಡಿದ್ದವಳೇ, ಆದರೂ ಬೆರಳು ಆ ನಂಬರನ್ನೇ ಒತ್ತಿತು. ಆಮೇಲೆ ಮೊಣಕಾಲುದ್ದ ಹಿಮದಲ್ಲಿ ಇಳಿದು ಹೋದಳು. ಚಕ್ರಗಳು ಆಕಾಶಕ್ಕೆ ಮುಖ ಮಾಡಿ ಇನ್ನೂ ತಿರುಗುತ್ತಿದ್ದವು, ನಾಲ್ಕೂ. ಅವನು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ತೊಡೆಯ ಮೂಳೆ ಪ್ಯಾಂಟು ಹರಿದು ಹೊರಗೆ ಬಂದಿತ್ತು, ಕಿವಿಯಿಂದ ರಕ್ತ.

"ಕೊಂದೇ ಹಾಕ್ತೀನಿ ನಿನ್ನ..." ಎಂದ. ಆಮೇಲೆ ಅತ್ತ. "ಸುಭದ್ರಾ, ಎಳಿಯೇ... ಪ್ಲೀಸ್ ಕಣೇ..."

"ಎಳೆದರೆ ಕಾಲು ಹೋಗುತ್ತೆ. ಬರ್ತಿದಾರೆ, ಸುಮ್ನಿರಿ."

ಒಡೆದ ಕಿಟಕಿಯಿಂದ ಕೈ ಹಾಕಿ ಎಂಜಿನ್ ಆರಿಸಿದಳು. ಗ್ಲೋವ್ ಬಾಕ್ಸಿನ ಬಾಗಿಲು ಮುರಿದು ಒಳಗಿದ್ದದ್ದೆಲ್ಲ ಚೆಲ್ಲಿತ್ತು. ಮೂರು ಪಾಸ್‌ಪೋರ್ಟುಗಳಿದ್ದವು. ಒಂದೊಂದನ್ನೇ ತೆರೆದು ನೋಡಿ, ತನ್ನದನ್ನೂ ಲಾಸ್ಯಾಳದನ್ನೂ ಜಾಕೆಟ್ಟಿನೊಳಗೆ ಸೇರಿಸಿ, ಮೂರನೆಯದನ್ನು ಇದ್ದಲ್ಲೇ ಇಟ್ಟಳು. ಅವನು ಅದನ್ನೆಲ್ಲ ತಲೆಕೆಳಗಾಗಿಯೇ ನೋಡಿದ.

ಆಂಬ್ಯುಲೆನ್ಸ್ ಬಂತು, ಪೊಲೀಸರು ಬಂದರು. ಆಂಬ್ಯುಲೆನ್ಸಿನವನೊಬ್ಬ ಲಾಸ್ಯಾಳ ಕೈಗೆ ಬ್ಯಾಂಡೇಜು ಸುತ್ತತೊಡಗಿದ. ವಯಸ್ಸಾದ ಪೊಲೀಸಿನವ ಕಪ್ಪು ಕಾರಿನ ಟೈರಿಗೆ ಹೆಬ್ಬೆರಳು ಒತ್ತಿ ನೋಡಿ, ಅದೇ ಮೊಮೊಸೆ-ಸಾನ್ ಹಾಗೆ ತಲೆಯಾಡಿಸಿದ. ಸ್ಟ್ರೆಚರಿನ ಮೇಲಿದ್ದ ರಘುನಂದನ್ ಒಂದು ಕೈ ಎತ್ತಿ ಕನ್ನಡದಲ್ಲಿ ಅರಚಿದ.

"ಹೇಳು ಅವನಿಗೆ! ಇವಳೇ ನನ್ನ ಸಾಯ್ಸೋಕೆ ಬೇಕಂತ ಈ ದಾರಿಗೆ ಕರ್ಕೊಂಡ್ ಬಂದ್ಳು ಅಂತ ಹೇಳು!"

"ಏನು ಹೇಳುತ್ತಿದ್ದಾರೆ?" ಪೊಲೀಸಿನವ ಕೇಳಿದ.

ಅಲ್ಲಿ ಕನ್ನಡ ಬರುತ್ತಿದ್ದ ದೊಡ್ಡವರು ಅವರಿಬ್ಬರೇ. ಕಾಲು ನೋಯುತ್ತಿದೆ ಅನ್ನುತ್ತಿದ್ದಾರೆ ಎಂದರೂ ನಡೆಯುತ್ತಿತ್ತು. ಸುಭದ್ರೆ ಗಂಡನ ಮುಖ ನೋಡಿದಳು. ನಯ ಮಾಡಲಿಲ್ಲ, ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ.

"ನನ್ನನ್ನು ಸಾಯಿಸಲು ಇವಳೇ ಬೇಕೆಂದು ಈ ದಾರಿಗೆ ಕರೆತಂದಳು ಅನ್ನುತ್ತಿದ್ದಾರೆ," ಎಂದಳು. "ದಾರಿ ಆರಿಸಿದ್ದು ನಾನೇ, ನಿಜ."

ಪೊಲೀಸಿನವನ ಪೆನ್ನು ನಿಂತಿತು. ಪುಟ್ಟ ಕಾರಿನ ಜಜ್ಜಿಹೋದ ಹಿಂಬದಿಯನ್ನೂ ಅದಕ್ಕೆ ಮೆತ್ತಿದ್ದ ಕಪ್ಪು ಬಣ್ಣವನ್ನೂ ನೋಡಿದ. ಮತ್ತೆ ಅವಳ ಕಡೆ ತಿರುಗಿದ. ಸುಭದ್ರೆ ರಕ್ತ ಅಂಟಿದ್ದ ಮಾಸ್ಕನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಾಯಿ ತೆರೆದು ತೋರಿಸಿದಳು. ಎರಡು ತಿಂಗಳಲ್ಲಿ ಮೊದಲ ಸಲ ಚಳಿಗಾಳಿ ಆ ಖಾಲಿ ಜಾಗಕ್ಕೆ ತಗುಲಿ ಜುಮ್ಮೆಂದಿತು.

ಪೊಲೀಸಿನವ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದ.

"ಮೊದಲಿನಿಂದ ಹೇಳಿ," ಎಂದ.

"ಟೈರು ಆರಿಸಲು ಹೋಗಿದ್ದೆವು," ಎಂದಳು ಸುಭದ್ರೆ. ಆಮೇಲೆ ತಲೆಯಾಡಿಸಿದಳು. "ಅಲ್ಲ, ಅದಕ್ಕೂ ಹತ್ತು ವರ್ಷ ಮೊದಲಿನಿಂದ ಬರೆದುಕೊಳ್ಳಿ."