ಮೊಂಡಿಯ ಜಡೆ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಅನ್ನುತ್ತಿದ್ದರು. ಆಸ್ಪತ್ರೆಯಿಂದ ಗಾಡಿಗಟ್ಟಲೆ ಬರುವ ಹೊದಿಕೆಗಳನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಹಬೆಯ ಇಸ್ತ್ರಿಯಡಿ ಹಾಸುವುದು, ಮಡಚುವುದು, ಒಟ್ಟುವುದು ಅವಳ ಕೆಲಸ. ಊರಲ್ಲಿದ್ದಾಗ ಹೊಲಿಗೆ ಹೇಳಿಕೊಡುತ್ತಿದ್ದವಳು. ಚರ್ಚಿಗೆ ಹೋಗುವವರ ಮನೆಬಾಗಿಲುಗಳ ಮೇಲೆ ದಾಳಿಯವರ ಸುಣ್ಣದ ಗುರುತು ಕಂಡ ದಿನವೇ ಗಂಡ, ಹೆಂಡತಿ, ಮಗಳು ಮೂವರೂ ಮೂರು ಚೀಲ ಹಿಡಿದು ಊರು ಬಿಟ್ಟಿದ್ದರು. ಅದಾಗಿ ಎರಡು ವರ್ಷ. ಹೊಸ ದೇಶದಲ್ಲಿ ಎರಡು ಕೋಣೆಯ ಮನೆಯಾಯಿತು, ಮಗಳಿಗೆ ಬ್ರೆಡ್ಡಿನ ಅಂಗಡಿಯಲ್ಲಿ ಮುಂಜಾನೆಯ ಕೆಲಸವಾಯಿತು. ಗಂಡನಿಗೆ ಮಾತ್ರ ಏನೂ ದಕ್ಕಲಿಲ್ಲ.

ಗಂಡ ಸರ್ವೆಯರ್. ಇಪ್ಪತ್ತಾರು ವರ್ಷ ಬೆಟ್ಟ ಬಯಲು ಅಳೆದವನು. ತಿಂಗಳುಗಟ್ಟಲೆ ಮನೆಯಿಂದ ಆಚೆ. ಮಗಳು ಹುಟ್ಟಿದಾಗ ಯಾವುದೋ ಗಡಿಯಲ್ಲಿದ್ದ. ಮಗಳಿಗೆ ಜ್ವರ ಬಂದಾಗ ಇನ್ನೊಂದು ಗಡಿಯಲ್ಲಿದ್ದ. ಯಾವ ಗುಡ್ಡ ಎಷ್ಟು ಎತ್ತರ ಎಂದು ಕೇಳಿದರೆ ನಾಲಿಗೆಯ ತುದಿಯಲ್ಲಿರುತ್ತಿತ್ತು, ಮಗಳು ಎಷ್ಟನೇ ಕ್ಲಾಸು ಎಂದರೆ ಹೆಂಡತಿಯ ಮುಖ ನೋಡುತ್ತಿದ್ದ. ಅವನ ಸರ್ಟಿಫಿಕೇಟುಗಳು ಇಲ್ಲಿ ನಡೆಯಲಿಲ್ಲ. ಕೈಕಟ್ಟಿ ಕೂತು ಕೂತು ಮಂಕಾಗಿದ್ದವನನ್ನು ಚರ್ಚಿನ ಪಾದ್ರಿಯೇ ಕರೆದರು. ರೈಲು ನಿಲ್ದಾಣದ ಹಿಂದಿನ ಹಾಸ್ಟೆಲ್ಲಿಗೆ ಇವರ ಕಡೆಯವೇ ಇಪ್ಪತ್ತೆರಡು ಮಕ್ಕಳು ಬಂದಿದ್ದವು. ಕೆಲವಕ್ಕೆ ಅಮ್ಮ ಮಾತ್ರ, ಕೆಲವಕ್ಕೆ ಯಾರೂ ಇಲ್ಲ. ದಿನಾ ಮೂರರಿಂದ ಆರರವರೆಗೆ ಚರ್ಚಿನ ಕೆಳಗಿನ ಹಾಲಿನಲ್ಲಿ ಅವುಗಳನ್ನು ನೋಡಿಕೊಳ್ಳಲು ಭಾಷೆ ಬಲ್ಲವರು ಬೇಕಿತ್ತು.

"ಮನುಷ್ಯ ಎದ್ದು ಓಡಾಡಿದರೆ ಸಾಕು," ಎಂದು ಇಸ್ತ್ರಿಯಮ್ಮನೇ ಒತ್ತಾಯ ಮಾಡಿ ಕಳಿಸಿದಳು. ರಾತ್ರಿ ಕೂತು ಮಕ್ಕಳ ಹರಿದ ಬಟ್ಟೆಗಳನ್ನು ತಾನೇ ಹೊಲಿದು ಕೊಟ್ಟಳು. ಆ ಮೊದಲ ತಿಂಗಳು ಅವಳಿಗೆ ಹೆಮ್ಮೆಯೇ ಇತ್ತು.

ಒಂದು ಗುರುವಾರ, ವಾರದ ರಜೆಯ ದಿನ, ಹೊಲಿದ ಅಂಗಿಗಳ ಗಂಟು ಹೊತ್ತು ಹಾಲಿಗೆ ಇಳಿದಳು. ಕಿಟಕಿಯ ಪಕ್ಕ ಅವಳ ಗಂಡ ಪುಟ್ಟ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತಿದ್ದ. ಮುಂದೆ ಏಳು ವರ್ಷದ ಹುಡುಗಿ. ಅವಳಿಗೆ ಎಲ್ಲರೂ ಮೊಂಡಿ ಎಂದು ಹೆಸರಿಟ್ಟಿದ್ದರು. ಬಂದಾಗಿನಿಂದ ತಲೆ ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಕೂದಲು ಗಂಟುಗಂಟಾಗಿ ಜಟೆಗಟ್ಟಿ, ಹಾಸ್ಟೆಲ್ಲಿನವರು ಬೋಳಿಸುವುದೆಂದು ತೀರ್ಮಾನಿಸಿದ್ದರು. ಸರ್ವೆಯರ್ ಹತ್ತು ದಿನ ಗಡುವು ಕೇಳಿದ್ದನಂತೆ.

"ಇವತ್ತು ಕಿವಿ ಹಿಂದಿನ ಪ್ಲಾಟು," ಎನ್ನುತ್ತಿದ್ದ ಅವನು, ಎಣ್ಣೆಯ ಬೆರಳಲ್ಲಿ ಒಂದೇ ಒಂದು ಎಳೆ ಬಿಡಿಸುತ್ತ. "ಪಕ್ಕದವರ ಜಾಗ ಮುಟ್ಟಲ್ಲ. ಇಷ್ಟು ಬಿಡಿಸ್ತೀನಿ, ಉಳಿದಿದ್ದು ನಾಳೆ. ಸರಿನಾ?"

ಮೊಂಡಿ ಹೂಂಗುಟ್ಟಿದಳು.

ಇಸ್ತ್ರಿಯಮ್ಮ ಗಂಟು ಇಳಿಸದೆ ನಿಂತಳು. ಈ ದನಿ ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟ ಹಾಗಾಯಿತು.

ಅಲ್ಲಿಂದ ಶುರುವಾಯಿತು ಅವಳ ಸಂಕಟ. ಮೊಂಡಿಯ ಕೂದಲು ಬಿಡಿಸಿ ಆಯಿತು, ಜಡೆ ಹಾಕಿ ಆಯಿತು. ಉಳಿದ ಹುಡುಗಿಯರೂ ಸಾಲು ನಿಂತರು. ಊಟಕ್ಕೆ ಕೂತಾಗ ಅವನು ಆ ಸುದ್ದಿಯನ್ನೇ ಬಡಿಸುತ್ತಿದ್ದ: ಇವಳದು ರೇಷ್ಮೆಯಂಥ ಕೂದಲು, ಅವಳದು ಕುರಿಯಂಥದ್ದು, ಮೊಂಡಿಗೆ ನಾಲ್ಕು ಕಾಲಿನ ಜಡೆಯೇ ಬೇಕಂತೆ. ಇಸ್ತ್ರಿಯಮ್ಮ ಪಾತ್ರೆಗಳನ್ನು ಸದ್ದಾಗುವಂತೆ ಇಡುತ್ತಿದ್ದಳು. ಲಾಂಡ್ರಿಯಲ್ಲಿ ಹೊದಿಕೆ ಮಡಚುವಾಗಲೂ ಅದೇ ಯೋಚನೆ. ನನ್ನ ಮಗಳ ತಲೆಗೆ ಇವನು ಒಂದು ದಿನ ಎಣ್ಣೆ ಮುಟ್ಟಿಸಲಿಲ್ಲ. ನನ್ನ ಮಗಳು ಬಾಗಿಲಲ್ಲಿ ನಿಂತು ಕಾದದ್ದೆಷ್ಟು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ದೇವರ ಮುಂದೆ ಗಂಡನ ಮೇಲೆ ಚಾಡಿ ಹೇಳಿದಂತಾಗುತ್ತಿತ್ತು. ಮಕ್ಕಳ ಸೇವೆ ಮಾಡುವವನ ಮೇಲೆ ದೂರು ಹೇಳಲು ನಾಚಿಕೆಯಾಗಿ ಅರ್ಧಕ್ಕೇ ಆಮೆನ್ ಅಂದುಬಿಡುತ್ತಿದ್ದಳು.

ಮತ್ತೊಂದು ಗುರುವಾರ ಅವಳು ಹಾಲಿಗೆ ಹೋದಾಗ ಗಂಡ ಹಿಂದಿನ ಕೋಣೆಯಲ್ಲಿ ಬೆಂಚು ಜೋಡಿಸುತ್ತಿದ್ದ. ಮೊಂಡಿ ರಿಬ್ಬನ್ ಹಿಡಿದು ಓಡಿ ಬಂದು ಕೇಳಿದಳು, "ಅಪ್ಪ ಎಲ್ಲಿ?"

"ಯಾರಪ್ಪ?"

"ನಮ್ಮಪ್ಪ. ಜಡೆ ಹಾಕೋ ಅಪ್ಪ."

ಇಸ್ತ್ರಿಯಮ್ಮ ಬಗ್ಗಿದಳು. ದನಿ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು. "ಅವರು ನಿನ್ನ ಅಪ್ಪ ಅಲ್ಲ ಮರಿ. ನನ್ನ ಮಗಳ ಅಪ್ಪ. ನಿನ್ನ ಅಪ್ಪ ಬರಲ್ಲ. ನೀನು ಮಾವ ಅನ್ನಬೇಕು."

ಮಗು ಅವಳ ಮುಖವನ್ನೇ ನೋಡಿತು. ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡು ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಿತು.

ಮರುದಿನ ಮೊಂಡಿ ಉಣ್ಣೆಯ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಬಂದಳು. ಸ್ಟೂಲಿನ ಹತ್ತಿರ ಸುಳಿಯಲಿಲ್ಲ. ಅದರ ಮರುದಿನವೂ ಅಷ್ಟೇ. ಸರ್ವೆಯರ್‌ಗೆ ತಲೆಬುಡ ತಿಳಿಯಲಿಲ್ಲ. "ನಾನೇನಾದ್ರೂ ಜೋರಾಗಿ ಎಳೆದೆನಾ," ಎಂದು ಮನೆಯಲ್ಲಿ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ. ಮೊದಲ ದಿನ ಇಸ್ತ್ರಿಯಮ್ಮನಿಗೆ ತಣ್ಣಗೆ ಖುಷಿಯಾದದ್ದು ನಿಜ. ನಾಲ್ಕನೆಯ ದಿನ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದಳು.

ಅವತ್ತು ಅವನು ಹೊರಗೆ ಹೋದಾಗ ಮಗಳ ಮುಂದೆ ಬಾಯಿಬಿಟ್ಟಳು. ಮಗುವಿಗೆ ಅಂದದ್ದನ್ನು ಹೇಳಲಿಲ್ಲ. ಹಳೆಯ ದೂರನ್ನೇ ಹೇಳಿದಳು. "ಊರಿನ ಮಕ್ಕಳಿಗೆಲ್ಲ ಜಡೆ ಹಾಕ್ತಾರೆ. ನಿನ್ನ ತಲೆ ಒಂದು ದಿನ ಮುಟ್ಟಿದ್ದಾರಾ?"

ಹದಿನೆಂಟರ ಮಗಳು ಸಾಕ್ಸು ಹೊಂದಿಸುತ್ತಿದ್ದವಳು ತಲೆ ಎತ್ತಿದಳು. "ಮುಟ್ಟಿದ್ದಾರೆ."

"ಯಾವಾಗ?"

"ಮತ್ತೆ ಅವರು ಕಲಿತದ್ದೆಲ್ಲಿ ಅಂದ್ಕೊಂಡೆ? ಎರಡು ವಾರ ನನ್ನ ತಲೆ ಮೇಲೇ ಪ್ರಾಕ್ಟೀಸು. ನಾನು ಅಂಗಡಿಯಿಂದ ಬಂದ ಮೇಲೆ, ಅವರು ಹಾಲಿಗೆ ಹೋಗೋ ಮುಂಚೆ. ನೀನು ಬರೋಷ್ಟರಲ್ಲಿ ಬಿಚ್ಚಿಬಿಡ್ತಿದ್ದೆ."

"ನಂಗೆ ಹೇಳಲೇ ಇಲ್ಲ?"

"ಅಮ್ಮ ನಗ್ತಾಳೆ, ಹೇಳ್ಬೇಡ ಅಂದ್ರು." ಮಗಳು ಸಾಕ್ಸಿನ ಜೋಡಿಯನ್ನು ಮಡಿಲಲ್ಲಿಟ್ಟುಕೊಂಡಳು. "ಮೊದಲನೇ ದಿನ ಕೋಪ ಬಂತು. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅಂತ. ಮೂರನೇ ದಿನ ಅತ್ತುಬಿಟ್ಟೆ. ನೋವಾಯ್ತು ಅಂದ್ಕೊಂಡು ಅವರು ಬಾಚಣಿಗೆ ಕೆಳಗಿಟ್ಟು ಸಾರಿ ಕೇಳಿದ್ರು. ನೋವಿಗಲ್ಲ ಅಂತ ನಾನು ಹೇಳ್ಲಿಲ್ಲ."

ಇಸ್ತ್ರಿಯಮ್ಮ ಕೂತಲ್ಲೇ ಕೂತಳು. ಸಂತೋಷವಾಗಬೇಕಿತ್ತು. ಆದರೆ ಒಂದು ಕಿಚ್ಚಿದ್ದಲ್ಲಿ ಎರಡಾಯಿತು: ಅಪ್ಪ ಮಗಳು ಕೂಡಿಕೊಂಡರು, ನಾನು ಹೊರಗುಳಿದೆ. ಆಗ ಅವಳಿಗೆ ಅರ್ಥವಾಯಿತು, ಇಷ್ಟು ದಿನ ಮಗಳ ಹೆಸರಿನಲ್ಲಿ ಉರಿದದ್ದು ಮಗಳಿಗಾಗಿ ಅಲ್ಲವೆಂದು. ಬಾಗಿಲಲ್ಲಿ ಕಾದವರು ಇಬ್ಬರು. ಒಬ್ಬಳಿಗೆ ಅವಳ ಪಾಲು ಸಂದಿತ್ತು.

ಗಂಡ ಬಂದೊಡನೆ ಎಲ್ಲ ಹೇಳಿಬಿಟ್ಟಳು. ಮಗುವಿಗೆ ಅಂದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

"ಅಪ್ಪ ಇಲ್ಲ ಅಂತ ಅದಕ್ಕೆ ಗೊತ್ತಿತ್ತು ಕಣೇ. ನೀನು ಹೇಳಬೇಕಾಗಿರಲಿಲ್ಲ," ಎಂದ. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಲಾಂಡ್ರಿಯ ಮೇಸ್ತ್ರಿಯ ಹತ್ತಿರ ಅರ್ಧ ದಿನ ರಜೆ ಕೇಳಿಕೊಂಡು ಅವಳು ಹಾಲಿಗೆ ಹೋದಳು. ಮೊಂಡಿ ಮೇಜಿನ ಕೆಳಗೆ ಕೂತು ಬಳಪಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು. ಇಸ್ತ್ರಿಯಮ್ಮ ಮಂಡಿನೋವು ಮರೆತು ಕೆಳಗೆ ತೂರಿದಳು.

"ನಾನು ಅವತ್ತು ಅಂದಿದ್ದು ತಪ್ಪು. ಹೊಟ್ಟೆಕಿಚ್ಚಿಗೆ ಅಂದೆ."

"ಹಂಗಂದ್ರೆ?"

"ನಿಂಗೆ ಜಡೆ ಹಾಕ್ತಾರೆ. ನಿನ್ನ ಜೊತೆ ಮೆತ್ತಗೆ ಮಾತಾಡ್ತಾರೆ. ನಂಗೆ ಹಂಗೆ ಮಾಡ್ಲಿಲ್ಲ ಅಂತ."

ಮೊಂಡಿ ಟೊಪ್ಪಿಗೆಯ ಅಂಚಿನಿಂದ ಅವಳನ್ನು ಅಳೆದು ನೋಡಿದಳು. "ನೀವು ಕೇಳಿದ್ರಾ?"

"ಇಲ್ಲ."

"ನಾನು ಕೇಳಿದ್ದೆ," ಎಂದು ಹೇಳಿ ಮಗು ಬಳಪಗಳಿಗೆ ಮರಳಿತು. ಹಸಿರು ಬಳಪವೊಂದನ್ನು ಇಸ್ತ್ರಿಯಮ್ಮನ ಕಡೆ ತಳ್ಳಿ, ಅದು ಎಲ್ಲಿ ಬರುತ್ತದೆ ಎಂದು ಕೇಳಿತು. ಇಬ್ಬರೂ ಸೇರಿ ಜಾಗ ಹುಡುಕಿದರು.

ಟೊಪ್ಪಿಗೆ ಕಳಚಿದ್ದು ಇನ್ನೂ ಒಂದು ವಾರದ ಮೇಲೆ. ಕೂದಲು ಮತ್ತೆ ಸಿಕ್ಕುಗಟ್ಟಿತ್ತು. ಸರ್ವೆಯರ್ ಮತ್ತೆ ಪ್ಲಾಟು ಪ್ಲಾಟಾಗಿ ಬಿಡಿಸಿದ. ಆದರೆ ಅಪ್ಪ ಎಂಬ ಮಾತು ಮೊಂಡಿಯ ಬಾಯಲ್ಲಿ ಮತ್ತೆ ಬರಲಿಲ್ಲ. ಮಾವ ಎಂದೂ ಅನ್ನಲಿಲ್ಲ. ಏನೂ ಕರೆಯದೆ ಬಂದು ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ಇಸ್ತ್ರಿಯಮ್ಮನಿಗೆ ಚುಚ್ಚುತ್ತಿತ್ತು. ಅವಳು ಗುರುವಾರಗಳನ್ನೆಲ್ಲ ಹಾಲಿಗೇ ಕೊಟ್ಟಳು. ಕಿಚ್ಚು ಪೂರ್ತಿ ಆರಿತೇ ಎಂದರೆ, ಇಲ್ಲ. ಗಂಡನ ಬೆರಳು ಆ ಪುಟ್ಟ ಬೈತಲೆಯ ಮೇಲೆ ಹರಿದಾಗ ಒಳಗೆಲ್ಲೋ ಇನ್ನೂ ಚುರುಕ್ಕೆನ್ನುತ್ತಿತ್ತು.

ನಾಲ್ಕು ತಿಂಗಳ ಮೇಲೆ ಮೊಂಡಿಯ ಚಿಕ್ಕಮ್ಮನ ಪತ್ತೆಯಾಯಿತು. ಬೇರೆ ಪಟ್ಟಣದಲ್ಲಿದ್ದಳಂತೆ. ಕರೆದೊಯ್ಯಲು ಬಂದ ದಿನ ಮಗು ಅವಳ ಕುತ್ತಿಗೆಗೆ ಜೋತುಬಿದ್ದದ್ದು ಬಿಡಲೇ ಇಲ್ಲ. ಚಿಕ್ಕಮ್ಮ ಅಳುತ್ತ, ನಗುತ್ತ, ಸಡಿಲವಾಗಿದ್ದ ಜಡೆ ಬಿಚ್ಚಿ ತನ್ನ ಕೈಯಾರೆ ಹೆಣೆದಳು. ಸರ್ವೆಯರ್ ಕಿಟಕಿಯ ಪಕ್ಕ ಬಾಚಣಿಗೆ ಹಿಡಿದು ನಿಂತಿದ್ದ.

ಅವರು ಹೋದ ಮೇಲೆ ಗಂಡ ಹೆಂಡತಿ ಬೆಂಚುಗಳನ್ನು ಗೋಡೆಗೆ ಒರಗಿಸಿದರು.

"ಬೈತಲೆ ಸೊಟ್ಟ ತೆಗೆದಳು," ಎಂದ ಅವನು.

ಇಸ್ತ್ರಿಯಮ್ಮ ಅವನ ಮುಖ ನೋಡಿದಳು. ತುಟಿ ಬಿಗಿದಿತ್ತು, ಕಣ್ಣು ಬಾಗಿಲಲ್ಲೇ ಇತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು; ತಿಂಗಳುಗಟ್ಟಲೆ ಅವಳೇ ಅದನ್ನು ಹೊತ್ತು ತಿರುಗಿದ್ದಳು.

"ಹೊಟ್ಟೆ ಉರೀತಿದೆಯಾ, ರೀ?"

ಅವನು ಬಾಚಣಿಗೆಯ ಹಲ್ಲುಗಳಿಂದ ಒಂದು ಕೂದಲೆಳೆ ಬಿಡಿಸಿ ತೆಗೆದ.

"ಹೂಂ ಕಣೇ," ಎಂದ. "ತುಂಬಾ ಉರೀತಿದೆ."

ಅವಳು ಅವನ ಪಕ್ಕ ಬೆಂಚಿನ ಮೇಲೆ ಕೂತಳು. ಕಡಿಮೆಯಾಗುತ್ತೆ ಎಂದು ಸುಳ್ಳು ಹೇಳಲಿಲ್ಲ.