ಐದನೇ ವಾರದ ಕಳ್ಳ ಕುಬುಸ

ಎಂಟುನೂರ ಮೂವತ್ತು. ಹೋದ ವಾರ ನಾನೂರ ಹತ್ತಿತ್ತು, ಅದರ ಹಿಂದಿನ ವಾರ ಇನ್ನೂರು. ಇಳಿಯಬೇಕಾದದ್ದು ಹೀಗೆ ಏರುತ್ತ ಹೊರಟರೆ ಯಾರಿಗಾದರೂ ತಲೆ ಕೆಡಬೇಕು. ಗಚ್ಚಿಬೌಲಿಯ ಆಸ್ಪತ್ರೆಯಲ್ಲಿ ಡಾಕ್ಟರರ ಎದುರು ಕೂತಿದ್ದ ಸಂಯುಕ್ತಾಳಿಗೆ ತಲೆ ಕೆಡಿಸಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸಿರು ಅದು. ಮೂರು ತಿಂಗಳು ತುಂಬುವ ಮೊದಲೇ ಸ್ಕ್ಯಾನ್ ಮಾಡಿಸಿದರೆ ಕೂಸೇ ಇಲ್ಲ, ಗರ್ಭಕೋಶದ ತುಂಬ ದ್ರಾಕ್ಷಿಗೊಂಚಲಿನಂಥ ನೀರುಗುಳ್ಳೆ. ತೆಲುಗಿನವರು ಇದಕ್ಕೆ ಮುತ್ಯಾಲ ಗರ್ಭಂ ಅನ್ನುತ್ತಾರೆ, ಮುತ್ತಿನ ಬಸಿರು. ಹೆಸರಿಟ್ಟ ಪುಣ್ಯಾತ್ಮರಿಗೆ ಕೈ ಮುಗಿಯಬೇಕು. ಅದನ್ನು ತೆಗೆದುಹಾಕಿದ ಮೇಲೆ ವಾರವಾರ ರಕ್ತ ಕೊಡುವ ಕೆಲಸ ಶುರುವಾಯಿತು. ಬಸಿರಾದವರ ರಕ್ತದಲ್ಲಿ ಏರುವ ಹಾರ್ಮೋನು ಬಸಿರು ಹೋದ ಮೇಲೆ ಇಳಿದು ಇಲ್ಲವಾಗಬೇಕು. ಇಳಿಯದೆ ಏರಿತೆಂದರೆ, ಒಳಗೆ ಉಳಿದ ಚೂರು ಬೆಳೆಯುತ್ತಿದೆ ಎಂದು ಅರ್ಥ.

ಹೊಸ ಬಸಿರೇನಾದರೂ ಇದ್ದೀತೆಂದು ಮತ್ತೆ ಸ್ಕ್ಯಾನ್ ಮಾಡಿದರು. ಇರಲಿಲ್ಲ. ಇದು ಕ್ಯಾನ್ಸರಿನ ಜಾತಿಯದೇ, ಆದರೆ ಔಷಧಕ್ಕೆ ಬಗ್ಗುವಂಥದ್ದು, ನಾಳೆಯಿಂದಲೇ ಸೂಜಿ ಶುರು ಮಾಡೋಣ ಎಂದು ಡಾಕ್ಟರು ಹೇಳಿದರು. ಸಂಯುಕ್ತಾ ತಲೆಯಾಡಿಸಿದಳು.

ಹೊರಗೆ ಬಂದು ಗಂಡ ಗುರುಬಸವನಿಗೆ ಫೋನ್ ಹಚ್ಚಿದಳು. ಅವನು ಫ್ಯಾಕ್ಟರಿಯ ಶಿಫ್ಟಿನಲ್ಲಿದ್ದ. ಮಷೀನಿನ ಸದ್ದಿನಿಂದ ಆಚೆ ಬಂದು ಎಲ್ಲ ಕೇಳಿಸಿಕೊಂಡ.

"ಅವ್ವಗ ಸಂಜೀಕ ನಾನ ಹೇಳ್ತೀನಿ. ನೀ ಸುಮ್ನಿರು," ಅಂದ.

ಎರಡು ತಿಂಗಳಿಂದ ಇದೇ ಮಾತು. ಅವ್ವಗ ಬಿಪಿ ಐತಿ, ತಡಕೊಳ್ಳೂದಿಲ್ಲ ಅಂತ ಅವನ ವಾದ. ಹಾಗಾಗಿ ಅತ್ತೆ ಬಸಲಿಂಗಮ್ಮನಿಗೆ ಗೊತ್ತಿದ್ದದ್ದು ಬಸಿರು ಇಳಿಯಿತು ಎಂಬುದಷ್ಟೇ. ವಾರವಾರದ ರಕ್ತಪರೀಕ್ಷೆಗೆ ಮೈಯಲ್ಲಿ ರಕ್ತ ಕಮ್ಮಿ ಎಂಬ ನೆಪ ಹೇಳಿದ್ದರು.

ಟ್ರಾಫಿಕ್ಕಿನಲ್ಲಿ ಒದ್ದಾಡಿ ಮಿಯಾಪುರದ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಬಾಗಿಲಲ್ಲಿ ಐದು ಜೊತೆ ಚಪ್ಪಲಿ. ಒಳಗೆ ಮಣೆ ಹಾಕಿ ಸುತ್ತ ರಂಗೋಲಿ ಬಿಟ್ಟಿದ್ದರು. ತಟ್ಟೆಯಲ್ಲಿ ಕುಬುಸ ಹೊಲಿಸುವ ಹಸಿರು ಕಣ, ಹಸಿರು ಬಳೆ, ಬೇಗಂ ಬಜಾರಿನಿಂದ ತಂದ ಕೊಬ್ಬರಿ ಬಟ್ಟಲು. ಅಪಾರ್ಟ್‌ಮೆಂಟಿನ ಐವರು ಮುತ್ತೈದೆಯರು ನಗುತ್ತ ಕೂತಿದ್ದರು.

ಸಂಯುಕ್ತಾಳಿಗೆ ನೋಡಿದ ಕೂಡಲೇ ತಿಳಿಯಿತು. ಕಳ್ಳ ಕುಬುಸ. ಅವರ ಕಡೆ ಬಸುರಿಗೆ ಮೂರು ತಿಂಗಳಾದಾಗ, ಊರಿಗೆಲ್ಲ ಡಂಗುರ ಹೊಡೆಯದೆ ನಾಲ್ಕು ಜನರೊಳಗೇ ಮಾಡಿ ಮುಗಿಸುವ ಶಾಸ್ತ್ರ.

"ನನ್ನ ಮುಂದ ಮುಚ್ಚಿಡ್ತೀರೇನು?" ಬಸಲಿಂಗಮ್ಮ ಹುಸಿಮುನಿಸಿನಿಂದ ಅಂದರು. "ಹ್ವಾದ ವಾರದ ರಿಪೋರ್ಟು ಶಾರದಾಬಾಯಾರು ಓದಿ ಹೇಳ್ಯಾರ. ಹಿಂದಕ ಮೂರು ತಿಂಗಳಾಗಲಿ ಅಂತ ಕಾದ್ನಿ, ಕೈಗೆ ಬಂದಿದ್ದು ಹೋತು. ಈ ಸಲ ನಾ ಕಾಯೂದಿಲ್ಲ."

ಎರಡನೇ ಮಹಡಿಯ ಶಾರದಾಬಾಯಿ ರಿಟೈರಾದ ಟೀಚರು. ಆ ರಿಪೋರ್ಟಿನ ಕೆಳಗೆ ಎಷ್ಟನೇ ವಾರದ ಬಸಿರಿಗೆ ಎಷ್ಟು ಹಾರ್ಮೋನು ಎಂದು ಪಟ್ಟಿ ಅಚ್ಚಾಗಿರುತ್ತದೆ. ಅವರು ಬೆರಳಿಟ್ಟು, ನಾನೂರ ಹತ್ತು ಅಂದ್ರ ಐದನೇ ವಾರ ನೋಡ್ರಿ ಅಂದಿದ್ದರು. ಪಾಪ, ಅಚ್ಚಾದದ್ದನ್ನೇ ಓದಿದ್ದರು.

ಸಂಯುಕ್ತಾ ಮಣೆಯ ಮೇಲೆ ಕೂತುಬಿಟ್ಟಳು. ಶಾಸ್ತ್ರಕ್ಕೆಂದಲ್ಲ, ಕೂರಲು ಅದೇ ಹತ್ತಿರವಿತ್ತು. ಯಾರೋ ಹಣೆಗೆ ಕುಂಕುಮ ಹಚ್ಚಿದರು. ಸುಮ್ಮನಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ, ಹೋಗಿ ಮಲಗಬಹುದು ಅನ್ನಿಸಿತು. ಆದರೆ ಅತ್ತೆ ಕುಬುಸದ ಕಣ ಹಿಡಿದು ಬಗ್ಗಿದಾಗ ಅವರ ಮುಖ ನೋಡಿದಳು. ಇಷ್ಟು ಹಿಗ್ಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಇನ್ನು ಒಂದು ದಿನವೂ ಈ ಸುಳ್ಳು ಹೊರಲಾರೆನೆನಿಸಿ ಅವರ ಕೈ ಹಿಡಿದಳು.

"ಅತ್ತೀ, ಹೊಟ್ಟ್ಯಾಗ ಕೂಸಿಲ್ರಿ. ಕ್ಯಾನ್ಸರ್ ಐತ್ರಿ. ನಾಳಿಂದ ಸೂಜಿ ಶುರು ಮಾಡ್ತಾರ."

ಶಾರದಾಬಾಯಿ ಮೆಲ್ಲಗೆ, "ರಿಪೋರ್ಟಿನ್ಯಾಗ ಐದು ವಾರ ಅಂತ ಇತ್ತಲ್ಲವಾ," ಅಂದರು.

"ಅದು ಬಸುರಾದವರ ಪಟ್ಟಿರೀ ಟೀಚರ್. ಈ ರೋಗದಾಗೂ ಅದ ಹಾರ್ಮೋನು ಏರತೈತಿ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಒಬ್ಬಾಕೆ ರೂಢಿಯಂತೆ ಕುಂಕುಮ ಹಚ್ಚಿಕೊಂಡು, ಹಚ್ಚಿಕೊಳ್ಳಬಾರದಿತ್ತೇನೋ ಎಂದು ಪೇಚಾಡಿ ಹೊರಟುಹೋದಳು.

"ನನಗ್ಯಾಕ ಹೇಳಲಿಲ್ಲ?" ಬಸಲಿಂಗಮ್ಮ ಕೇಳಿದರು.

"ನಿಮಗ ಬಿಪಿ ಐತಿ ಅಂತ..."

"ನನ್ನ ಬಿಪಿಗೆ ಬೆಂಕಿ ಹತ್ತಲಿ." ಮಗನನ್ನೂ ಸೊಸೆಯನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದರು. ಬೈದು ಸಾಕಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೂತರು. "ಅದು ಎಷ್ಟಕ್ಕ ಇಳೀಬೇಕು?"

"ಐದರ ಕೆಳಗ ಬರಬೇಕ್ರಿ. ಈಗ ಎಂಟುನೂರ ಮೂವತ್ತೈತಿ."

"ಇಳಿದ್ರ ನೀ ಉಳೀತಿಯಿಲ್ಲೋ?"

"ಉಳೀತೀನಂತ್ರಿ. ಆದ್ರ ಮತ್ತೊಂದು ವರ್ಷ ಕೂಸು..."

"ಕೂಸಿನ ಮಾತು ನಾ ಕೇಳಿಲ್ಲ," ಅಂದು ಬಸಲಿಂಗಮ್ಮ ಎದ್ದರು.

ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರು. ದೇವರೊಂದಿಗೆ ಬಾಯಿಬಿಟ್ಟು ಮಾತಾಡುವುದು ಅವರ ರೂಢಿ. ಸೊಸಿ ಹೊಟ್ಟಿ ತುಂಬಿಸಪ್ಪಾ ಎಂದು ಆರು ವರ್ಷ ದಿನಾ ಸಂಜೆ ಬೇಡುತ್ತಿದ್ದರು. ಸಂಯುಕ್ತಾ ಅದು ಕಿವಿಗೆ ಬೀಳದಿರಲೆಂದು ಅಡುಗೆಮನೆಯ ನಲ್ಲಿ ಬಿಡುತ್ತಿದ್ದಳು. ಇವತ್ತು ನಲ್ಲಿಯವರೆಗೆ ಹೋಗುವ ಶಕ್ತಿ ಇರಲಿಲ್ಲ. ಮಣೆಯ ಮೇಲೆಯೇ ಕೂತು ಕೇಳಿದಳು.

"ಖಾಲಿ ಮಾಡಪ್ಪಾ," ಅನ್ನುತ್ತಿದ್ದರು ಬಸಲಿಂಗಮ್ಮ. "ಒಂದು ಕಾಳೂ ಉಳಿಸಬ್ಯಾಡ. ಈ ಹುಡುಗಿ ಹೊಟ್ಟಿ ಪೂರಾ ಖಾಲಿ ಮಾಡು."